ಮುತ್ತಜ್ಜನ ಜನನಪತ್ರ ಕೇಳಿದ ದೇಶ

1948ರ ಫೆಬ್ರುವರಿಯಲ್ಲಿ ಸ್ವತಂತ್ರವಾದ ಸಿಲೋನ್ (ಇಂದಿನ ಶ್ರೀಲಂಕಾ), ಆ ವರ್ಷ ಮುಗಿಯುವ ಮೊದಲೇ ತನ್ನ ಪೌರರು ಯಾರೆಂದು ಕಾನೂನು ಬರೆಯಿತು. ತಂದೆ ಸಿಲೋನಿನಲ್ಲಿ ಹುಟ್ಟಿರಬೇಕು. ಇಲ್ಲವಾದರೆ ಅಜ್ಜ, ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿರಬೇಕು. ಹಾಗೆಂದು ಸಾಬೀತುಪಡಿಸುವ ಹೊಣೆ ಅರ್ಜಿದಾರನದು. ಬೆಟ್ಟದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಸುಮಾರು ಏಳು ಲಕ್ಷ ತಮಿಳರು ಈ ಒಂದು ಷರತ್ತಿನಿಂದ ಯಾವ ದೇಶಕ್ಕೂ ಸೇರದವರಾದರು. ಅವರಲ್ಲಿ ಬಹಳಷ್ಟು ಮಂದಿ ಬೇರೆ ನೆಲವನ್ನೇ ಕಂಡವರಲ್ಲ.

ಜನನಪತ್ರ ಎಲ್ಲಿಂದ ಬರಬೇಕಿತ್ತು? ಹತ್ತು ಅಡಿಗೆ ಹನ್ನೆರಡು ಅಡಿಯ ಲೈನ್ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆರಿಗೆ ಆಗುತ್ತಿತ್ತು. ತೋಟದ ಹಾಜರಿ ಪಟ್ಟಿಯಾದ ಚೆಕ್‌ರೋಲಿನಲ್ಲಿ ಮಗುವಿನ ಹೆಸರು ಏರುತ್ತಿದ್ದದ್ದು ಅದು ಎಲೆ ಕೀಳುವ ವಯಸ್ಸಿಗೆ ಬಂದ ಮೇಲೆ. ದೇಶದಲ್ಲಿ ಜನನ ನೋಂದಣಿ ಕಡ್ಡಾಯವಾದದ್ದೇ 1890ರ ದಶಕದ ಕೊನೆಗೆ. ಮುತ್ತಜ್ಜನ ಕಾಗದ ಕೇಳಿದರೆ ಕೊಲಂಬೊದ ಶ್ರೀಮಂತರಲ್ಲೂ ಎಷ್ಟೋ ಮಂದಿ ತಡವರಿಸುತ್ತಿದ್ದರು. ಆದರೆ ಅವರನ್ನು ಯಾರೂ ಕೇಳಲಿಲ್ಲ.

ಈ ಕಾನೂನು ಬರೀ ದ್ವೇಷದಿಂದ ಹುಟ್ಟಿತೆಂದರೆ ಅರ್ಧ ಸತ್ಯವಾದೀತು. ಆ ಬೆಟ್ಟನಾಡಾದ ಕ್ಯಾಂಡಿಯ ಸಿಂಹಳ ರೈತರಿಗೆ ನಿಜವಾದ ನೋವೊಂದಿತ್ತು. 1815ರಲ್ಲಿ ಅವರ ರಾಜ್ಯ ಹೋಯಿತು. 1840ರ ಸುಗ್ರೀವಾಜ್ಞೆಯ ಬಲದಿಂದ ಬ್ರಿಟಿಷರು ಹಕ್ಕುಪತ್ರವಿಲ್ಲದ ಕಾಡು, ಕುಮರಿ ಭೂಮಿಯನ್ನೆಲ್ಲ ಸರ್ಕಾರದ್ದೆಂದು ಸಾರಿ ತೋಟದ ದೊರೆಗಳಿಗೆ ಮಾರಿದರು. ಮೊದಲು ಕಾಫಿ ಬಂತು. ಎಲೆ ತುಕ್ಕು ರೋಗಕ್ಕೆ ಕಾಫಿ ನೆಲಕಚ್ಚಿದಾಗ ಚಹಾ ಬಂತು. ಎರಡಕ್ಕೂ ಕೂಲಿಗಳು ಮದ್ರಾಸ್ ಪ್ರಾಂತ್ಯದ ಬರಪೀಡಿತ ಹಳ್ಳಿಗಳಿಂದ ಕಂಗಾಣಿಗಳ (ಕೂಲಿ ಮೇಸ್ತ್ರಿಗಳ) ಸಾಲದ ಹಗ್ಗಕ್ಕೆ ಕಟ್ಟುಬಿದ್ದು ಬಂದರು. 1931ರಲ್ಲಿ ಸಿಲೋನಿಗೆ ಸಾರ್ವತ್ರಿಕ ಮತದಾನ ಬಂತು. 1947ರ ಚುನಾವಣೆಯಲ್ಲಿ ತೋಟ ಕಾರ್ಮಿಕರ ಸಿಲೋನ್ ಇಂಡಿಯನ್ ಕಾಂಗ್ರೆಸ್ ಏಳು ಸ್ಥಾನ ಗೆದ್ದಿತು. ಇನ್ನೂ ಹಲವೆಡೆ ಅವರ ಮತ ಎಡಪಕ್ಷಗಳಿಗೆ ಹೋಯಿತು. ಭೂಮಿ ಕಳೆದುಕೊಂಡವರ ನೋವಿಗೆ ಅಧಿಕಾರ ಕಳೆದುಕೊಳ್ಳುವ ಭಯ ಜೊತೆಯಾಯಿತು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ಇತಿಹಾಸದಿಂದ ಹೆಕ್ಕಿಕೊಂಡದ್ದೇನು, ಬಿಟ್ಟದ್ದೇನು ಎಂಬುದು. ಭೂಮಿ ಕಿತ್ತುಕೊಂಡದ್ದು ಬ್ರಿಟಿಷ್ ಸರ್ಕಾರ, ಅನುಭವಿಸಿದ್ದು ಲಂಡನ್ನಿನ ಕಂಪನಿಗಳು. ಕಂಪನಿಗಳ ತೋಟಗಳು ರಾಷ್ಟ್ರೀಕರಣವಾದದ್ದು 1975ರಲ್ಲಿ. ಅದೇ ತೋಟದಲ್ಲಿ ಬುಟ್ಟಿ ಹೊತ್ತವಳ ಮತದಾನದ ಹಕ್ಕು 1949ಕ್ಕೇ ಹೋಗಿತ್ತು. ಭೂಮಿಯ ಒಡೆಯನನ್ನು ಪ್ರಶ್ನಿಸಲು ಸ್ವತಂತ್ರ ದೇಶಕ್ಕೆ ಕಾಲು ಶತಮಾನ ಹಿಡಿಯಿತು, ಕೂಲಿಯನ್ನು ಹೊರಗಿಡಲು ಒಂದು ವರ್ಷವೂ ಬೇಕಾಗಲಿಲ್ಲ. ಹೊಸ ರಾಷ್ಟ್ರವೊಂದು ‘ನಾವು’ ಯಾರೆಂದು ಹೇಳಿಕೊಳ್ಳುವಾಗ ತನ್ನ ಗಾಯದ ಲೆಕ್ಕವನ್ನು ಕೈಗೆ ಸಿಕ್ಕ ದುರ್ಬಲರ ತಲೆಗೆ ಕಟ್ಟುವುದು ಹೀಗೆ.

ಹೊರಗಿಟ್ಟದ್ದು ಅಲ್ಲಿಗೇ ನಿಲ್ಲಲಿಲ್ಲ. ಜಾಫ್ನಾ ತಮಿಳರ ನಾಯಕ ಜಿ.ಜಿ. ಪೊನ್ನಂಬಲಂ, ಈ ಕಾನೂನು ತಂದ ಪ್ರಧಾನಿ ಡಿ.ಎಸ್. ಸೇನಾನಾಯಕೆಯವರ ಸಂಪುಟ ಸೇರಿದರು. ಎಸ್.ಜೆ.ವಿ. ಚೆಲ್ವನಾಯಕಂ ಅದನ್ನು ಒಪ್ಪದೆ 1949ರಲ್ಲಿ ಫೆಡರಲ್ ಪಕ್ಷ ಕಟ್ಟಿದರು. ಮುಂದಿನ ಸರದಿ ತಮ್ಮದೆಂಬ ಅವರ ಆತಂಕ ಸುಳ್ಳಾಗಲಿಲ್ಲ: 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು. ತೋಟದ ಮತಗಳು ಪಟ್ಟಿಯಲ್ಲಿ ಉಳಿದಿದ್ದರೆ ಸಿಂಹಳೀಯ ಮತಗಳಿಗಷ್ಟೇ ಪೈಪೋಟಿ ನಡೆಸುವ ರಾಜಕಾರಣಕ್ಕೆ ಅಷ್ಟು ಸುಲಭದ ದಾರಿ ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. 1983ರಲ್ಲಿ ತಮಿಳರ ಮೇಲೆ ನಡೆದ ‘ಕಪ್ಪು ಜುಲೈ’ ಹಿಂಸಾಚಾರ, ನಂತರದ ಯುದ್ಧ ಎಲ್ಲಕ್ಕೂ ಬೇರೆ ಬೇರೆ ಕಾರಣಗಳಿವೆ. ಆದರೆ ದೇಶವೊಂದು ತನ್ನ ಜನರನ್ನು ಎಣಿಕೆಯಿಂದ ಕಳೆಯಬಹುದೆಂಬ ಪಾಠ ಮೊದಲು ನಡೆದದ್ದು ಚಹಾ ಬೆಟ್ಟದಲ್ಲಿ.

ಭಾರತವೂ ಇಲ್ಲಿ ಬರೀ ನೋಡುತ್ತ ನಿಂತಿರಲಿಲ್ಲ. ತೋಟದ ತಮಿಳರು ಸಿಲೋನಿನ ಜನ ಎಂದು ನೆಹರೂ ಪಟ್ಟು ಹಿಡಿದಿದ್ದರು. ಆದರೆ 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ 9.75 ಲಕ್ಷ ಜನರನ್ನು ಹಂಚಿಕೊಂಡರು: ಭಾರತಕ್ಕೆ 5.25 ಲಕ್ಷ, ಸಿಲೋನಿಗೆ 3 ಲಕ್ಷ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ಒಪ್ಪಂದ ಯಾರ ಬಗ್ಗೆಯೋ ಅವರನ್ನೇ ಯಾರೂ ಕೇಳಿರಲಿಲ್ಲ. ಕೈಯಲ್ಲಿ ಫ್ಯಾಮಿಲಿ ಕಾರ್ಡ್ ಹಿಡಿದು ತಲೈಮನ್ನಾರಿನಿಂದ ಹಡಗು ಹತ್ತಿ ಮಂಟಪಂ ಶಿಬಿರಕ್ಕೆ ಬಂದವರಲ್ಲಿ ಒಂದು ಪಾಲು ನಮ್ಮ ದಕ್ಷಿಣ ಕನ್ನಡಕ್ಕೂ ಬಂತು. ಸುಳ್ಯ, ಪುತ್ತೂರು ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಅವರಿಗಾಗಿ ರಬ್ಬರ್ ತೋಟ ಎಬ್ಬಿಸಿತು. ಎಳೆ ಚಿಗುರು ಚಿವುಟಿ ಪಳಗಿದ ಬೆರಳುಗಳು ಬೆಳಗಿನ ಜಾವ ಮರದ ತೊಗಟೆ ಗೀರಿ ಹಾಲು ಇಳಿಸಲು ಕಲಿತವು. ಪೌರತ್ವವೇನೋ ಸಿಕ್ಕಿತು. ಆದರೆ ಜಾತಿ ಪ್ರಮಾಣಪತ್ರ ಕೇಳಲು ಹೋದರೆ, ನಿಮ್ಮ ಹಿರಿಯರು ಈ ರಾಜ್ಯದಲ್ಲಿದ್ದರೇ ಎಂಬ ಪ್ರಶ್ನೆ ಎದುರಾಯಿತು. ಅಲ್ಲಿ ಹೊರಗಿಟ್ಟ ಮುತ್ತಜ್ಜನೇ ಇಲ್ಲೂ ಅಡ್ಡ ಬಂದ.

ನಮ್ಮ ಕಾನೂನೂ ಆ ಕಡೆಗೇ ನಡೆದಿದೆ. 1955ರ ಕಾಯ್ದೆಯಲ್ಲಿ ಈ ನೆಲದಲ್ಲಿ ಹುಟ್ಟಿದ್ದೇ ಸಾಕಿತ್ತು. ಅಸ್ಸಾಂ ಚಳವಳಿಯ ಬೆನ್ನಿಗೆ, 1987ರ ಜುಲೈನಿಂದ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕಾಯಿತು. 2004ರ ಡಿಸೆಂಬರ್‌ನಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ಷರತ್ತೂ ಸೇರಿತು. 2019ರಲ್ಲಿ ಅಸ್ಸಾಮಿನ ಪೌರತ್ವ ನೋಂದಣಿಯಿಂದ 19 ಲಕ್ಷ ಜನ ಹೊರಗುಳಿದರು. ಅಸ್ಸಾಮಿನ ಆತಂಕ ಪೊಳ್ಳೆಂದು ನಾನು ಹೇಳುವುದಿಲ್ಲ, ಕ್ಯಾಂಡಿಯದೂ ಪೊಳ್ಳಾಗಿರಲಿಲ್ಲ. ಆತಂಕ ಎಷ್ಟೇ ನಿಜವಿರಲಿ, ಕಾಗದವಿಲ್ಲದ ಬಡವ ಅದರ ಬೆಲೆ ತೆರಬೇಕಾದಾಗ ನ್ಯಾಯ ಕೆಟ್ಟಿತೆಂದೇ ಅರ್ಥ.

ಶ್ರೀಲಂಕಾ 1988 ಮತ್ತು 2003ರ ಕಾಯ್ದೆಗಳಿಂದ, ಉಳಿದಿದ್ದವರಿಗೆ ಪೌರತ್ವ ಕೊಟ್ಟಿತು. ಇದರಲ್ಲಿ 1988ರದು, ತೋಟ ಕಾರ್ಮಿಕರ ನಾಯಕ ಸೌಮ್ಯಮೂರ್ತಿ ತೊಂಡಮಾನ್ ಕಾರ್ಮಿಕರ ಮುಷ್ಕರವನ್ನೂ ಸಂಪುಟದ ಕುರ್ಚಿಯನ್ನೂ ಒಟ್ಟಿಗೇ ಬಳಸಿ ಹಿಂಡಿ ತೆಗೆದ ಹಕ್ಕು. ಆದರೂ ತಲೆಮಾರುಗಳಿಂದ ವಾಸವಿರುವ ಲೈನ್ ಮನೆಯಾಗಲಿ, ಅದರ ಕೆಳಗಿನ ನೆಲವಾಗಲಿ ಬಹುಪಾಲು ಕುಟುಂಬಗಳ ಹೆಸರಿನಲ್ಲಿಲ್ಲ. ಪೂರ್ವಜರು ಬಂದು 200 ವರ್ಷವಾದ ನೆನಪಿಗೆ 2023ರಲ್ಲಿ ಅವರು ತಲೈಮನ್ನಾರಿನಿಂದ ಮಾತಳೆವರೆಗೆ ಕಾಲ್ನಡಿಗೆ ಮಾಡಿದಾಗ ಕೇಳಿದವುಗಳಲ್ಲಿ ಭೂಮಿಯ ಹಕ್ಕೂ ಇತ್ತು.

ಈ ಕಡೆ ತಮಿಳುನಾಡಿನ ಶಿಬಿರಗಳಲ್ಲಿ ಈಗಲೂ ಇರುವ ಲಂಕಾದ ನಿರಾಶ್ರಿತರಲ್ಲಿ ತೋಟದ ಮೂಲದವರೂ ಇದ್ದಾರೆ. 1964ರಲ್ಲಿ ಭಾರತ ತನ್ನವರೆಂದು ಒಪ್ಪಿಕೊಂಡ ಸಮುದಾಯದ ಮಕ್ಕಳು, ಮೊಮ್ಮಕ್ಕಳು ಅವರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ. ಅವರಿಗೆ ಹೊಸ ಕೃಪೆ ಬೇಕಿಲ್ಲ. ಶಾಸ್ತ್ರಿಯವರು ಸಹಿ ಹಾಕಿಕೊಟ್ಟ ಮಾತನ್ನು ದೆಹಲಿ ನಡೆಸಿಕೊಡಲಿ. ಲೈನ್ ಮನೆಯ ಹಕ್ಕುಪತ್ರವನ್ನು ಕೊಲಂಬೊ ಕೊಡಲಿ.