ಸರ್ವೆ ನಕ್ಷೆಗೂ ಕಟ್ಟಡದ ಮಾದರಿಗೂ ತಾಳೆ ಇರಲಿ

ಲೆಕ್ಕದ ಪುಸ್ತಕಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ ತಾಳೆ ನೋಡದೆ ವರ್ಷಾಂತ್ಯದ ಲೆಕ್ಕ ಮುಗಿಸುವ ವರ್ತಕರು ನಮ್ಮಲ್ಲಿ ವಿರಳ. ಆದರೆ ಲಕ್ಷಾಂತರ ರೂಪಾಯಿ ತೊಡಗಿಸಿ ಶೆಡ್ಡು, ಗೋದಾಮು ಕಟ್ಟಿಸುವಾಗ, ಭೂಮಾಪಕರ ನಕ್ಷೆಗೂ ವಾಸ್ತುಶಿಲ್ಪಿಯು ಕಂಪ್ಯೂಟರಿನಲ್ಲಿ ರಚಿಸಿದ ಮಾದರಿಗೂ ತಾಳೆಯಾಗಿದೆಯೇ ಎಂದು ಕೇಳುವವರು ಇನ್ನೂ ವಿರಳ.

ಅನ್ನಪೂರ್ಣೇಶ್ವರಿ ನಗರದಲ್ಲಿ ಬಿಡಿಭಾಗಗಳ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರ ಅನುಭವವನ್ನು ಇಲ್ಲಿ ಹೇಳಬೇಕು. ನಾಗರಬಾವಿ, ಸುಂಕದಕಟ್ಟೆಗಳ ನಡುವಿನ ಈ ಪ್ರದೇಶ ಸಮತಟ್ಟಲ್ಲ. ಮಳೆನೀರು ವೃಷಭಾವತಿಯ ಕಣಿವೆಯತ್ತ ಇಳಿಯುತ್ತದೆ. ಭೂಮಾಪಕರು ರಸ್ತೆಬದಿಯ ಕಲ್ಲೊಂದರ ಮಟ್ಟವನ್ನು 100 ಮೀಟರ್ ಎಂದು ಇಟ್ಟುಕೊಂಡು ನಿವೇಶನವನ್ನು ಅಳೆದಿದ್ದರು. ವಿನ್ಯಾಸಕಾರರು ನೆಲದ ಮಟ್ಟವನ್ನು ಸೊನ್ನೆ ಎಂದಿಟ್ಟು ಮಾದರಿ ರಚಿಸಿದ್ದರು. ಎರಡನ್ನೂ ಒಂದೆಡೆ ತಂದಾಗ ಭೂಮಿಯು ಕಟ್ಟಡದ ಮೇಲೆ ನೂರು ಮೀಟರ್ ಎತ್ತರದಲ್ಲಿ ತೇಲಿತು. ಅದನ್ನು ಕಣ್ಣಂದಾಜಿನಲ್ಲಿ ಕೆಳಗೆಳೆದು ಕೂರಿಸಲಾಯಿತು. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಂಡಿತು. ತಳಪಾಯ ಮುಗಿದ ಮೇಲೆ ನೋಡಿದರೆ, ನೆಲವು ರಸ್ತೆಗಿಂತ ಸುಮಾರು ಎರಡು ಅಡಿ ತಗ್ಗಿನಲ್ಲಿತ್ತು. ಮೊದಲ ಮಳೆಗೇ ಸರಕು ಇಳಿಸುವ ಬಾಗಿಲಿನವರೆಗೆ ನೀರು ಬಂತು.

ಇಂತಹ ತಪ್ಪಿಗೆ ಕಾರಣಗಳು ಹಲವು. ಉಪಗ್ರಹ ಆಧಾರಿತ ಉಪಕರಣವು ನೇರವಾಗಿ ನೀಡುವ ಎತ್ತರವು ಸಮುದ್ರಮಟ್ಟದಿಂದ ಅಳೆದ ಎತ್ತರವಲ್ಲ. ಬೆಂಗಳೂರಿನಲ್ಲಿ ಇವೆರಡರ ಅಂತರ ಸುಮಾರು 85 ಮೀಟರ್. ಮೀಟರಿನಲ್ಲಿರುವ ನಕ್ಷೆಯನ್ನು ಮಿಲಿಮೀಟರ್ ಎಂದು ತೆರೆದರೆ ಸಾವಿರ ಪಟ್ಟು ವ್ಯತ್ಯಾಸವಾಗುತ್ತದೆ. ಇನ್ನು ಸರ್ವೆಯ ಯುಟಿಎಂ ನಿರ್ದೇಶಾಂಕಗಳಲ್ಲಿ ನಮ್ಮ ನಗರದ ಉತ್ತರದ ಅಂಕಿಯು ಭೂಮಧ್ಯರೇಖೆಯಿಂದ ಎಣಿಸಿ 14 ಲಕ್ಷ ಮೀಟರ್ ದಾಟುತ್ತದೆ. ರೆವಿಟ್‌ನಂತಹ ತಂತ್ರಾಂಶವು ತನ್ನ ಮೂಲಬಿಂದುವಿನಿಂದ ಅಷ್ಟು ದೂರದಲ್ಲಿ ಸರಿಯಾಗಿ ಕೆಲಸ ಮಾಡದು. ಆದ್ದರಿಂದಲೇ ನಕ್ಷೆಯನ್ನು ಕೈಯಿಂದ ಎಳೆದು ಹತ್ತಿರ ತರುವ ರೂಢಿ ಬೆಳೆದಿದೆ. ಸರಿಯಾದ ಕ್ರಮವೆಂದರೆ, ಕಟ್ಟಡವನ್ನು ಮೂಲಬಿಂದುವಿನ ಬಳಿಯೇ ಇರಿಸಿ, ನಿವೇಶನದ ಒಂದು ಖಚಿತ ಬಿಂದು, ಅದರ ಮಟ್ಟ ಹಾಗೂ ಉತ್ತರ ದಿಕ್ಕನ್ನು ಸರ್ವೆಯಿಂದ ಮಾದರಿಗೆ ತಿಳಿಸುವುದು. ಈ ಸೌಲಭ್ಯ ತಂತ್ರಾಂಶದಲ್ಲಿಯೇ ಇದೆ. ಅದಕ್ಕೆ ಶೇರ್ಡ್ ಕೋಆರ್ಡಿನೇಟ್ಸ್ ಎನ್ನುತ್ತಾರೆ.

ಇದು ಸಣ್ಣ ಘಟಕಗಳ ತೊಂದರೆ ಮಾತ್ರವಲ್ಲ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳು ಸಮುದ್ರಮಟ್ಟವನ್ನು ಬೇರೆ ಬೇರೆ ಕಡಲುಗಳಿಂದ ಎಣಿಸುತ್ತವೆ; ಅಂತರ 27 ಸೆಂಟಿಮೀಟರ್. ರೈನ್ ನದಿಯ ಲಾಫೆನ್‌ಬುರ್ಗ್ ಸೇತುವೆಯ ನಿರ್ಮಾಣದಲ್ಲಿ ಈ ಅಂತರ ಎಲ್ಲರಿಗೂ ಗೊತ್ತಿತ್ತು. ಆದರೂ ಕೂಡಬೇಕಾದಲ್ಲಿ ಕಳೆದಂತಾಗಿ, 2003ರಲ್ಲಿ ಎರಡು ದಡಗಳ ನಡುವೆ 54 ಸೆಂಟಿಮೀಟರ್ ವ್ಯತ್ಯಾಸ ಕಂಡುಬಂತು. ಜಮೆಯನ್ನು ಖರ್ಚಿಗೆ ಬರೆದರೆ ವ್ಯತ್ಯಾಸ ಇಮ್ಮಡಿಯಾಗುವುದನ್ನು ಬಲ್ಲ ನಮಗೆ ಇದು ಹೊಸ ಪಾಠವೇನಲ್ಲ.

ತೆರಿಗೆಯ ದೃಷ್ಟಿಯಿಂದಲೂ ಈ ನಷ್ಟ ಗಂಭೀರವಾದುದು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ, ಸ್ವಂತ ಕಾರ್ಖಾನೆ ಕಟ್ಟಡದ ನಿರ್ಮಾಣಕ್ಕೆ ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಯಂತ್ರದ ಅಡಿಪಾಯಕ್ಕೆ ವಿನಾಯಿತಿ ಉಂಟು. ಕಟ್ಟಡದ ನೆಲವನ್ನು ಎತ್ತರಿಸುವುದಕ್ಕೆ ಇಲ್ಲ. ಬಂಡವಾಳ ವೆಚ್ಚವಾಗಿ ತೋರಿಸಿದ ಮರುನಿರ್ಮಾಣಕ್ಕೂ ಇದೇ ನಿಯಮ. ಹೀಗೆ ತಪ್ಪನ್ನು ತಿದ್ದುವ ಖರ್ಚಿನ ಮೇಲಿನ ತೆರಿಗೆಯೂ ಮಾಲೀಕನ ಕೈಯಿಂದಲೇ ಹೋಗುತ್ತದೆ.

‘ಇದು ತಜ್ಞರ ಕೆಲಸ, ನಮಗೇಕೆ?’ ಎಂದು ಸದಸ್ಯರು ಕೇಳಬಹುದು. ನನ್ನ ಕಕ್ಷಿದಾರರ ಪ್ರಕರಣದಲ್ಲಿ ಭೂಮಾಪಕರ ಅಳತೆಯಲ್ಲಿ ತಪ್ಪಿರಲಿಲ್ಲ. ಮಾದರಿಯ ಒಳಗಿನ ಅಳತೆಗಳಲ್ಲಿಯೂ ತಪ್ಪಿರಲಿಲ್ಲ. ಎರಡನ್ನೂ ತಾಳೆ ಹಾಕುವ ಹೊಣೆ ಯಾರ ಕರಾರಿನಲ್ಲಿಯೂ ಇರಲಿಲ್ಲ. ಯಾರ ಪಾಲಿಗೂ ಬಾರದ ಹೊಣೆ ಕೊನೆಗೆ ಹಣ ಕೊಡುವವನ ತಲೆಯ ಮೇಲೆಯೇ ಬೀಳುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೆ. ನಿವೇಶನದಲ್ಲಿ ಅಲುಗಾಡದ ಒಂದು ಕಲ್ಲನ್ನು ಗುರುತಿಸಿ, ಅದರ ಮಟ್ಟ, ಅಳತೆಯ ಮಾನ ಹಾಗೂ ಉತ್ತರ ದಿಕ್ಕನ್ನು ಒಂದು ಹಾಳೆಯಲ್ಲಿ ಬರೆಸಿ, ಭೂಮಾಪಕ, ವಿನ್ಯಾಸಕಾರ, ಗುತ್ತಿಗೆದಾರ ಮೂವರ ಸಹಿ ಪಡೆಯಿರಿ. ರಸ್ತೆಯ ಮಟ್ಟ ಮತ್ತು ನೆಲದ ಮಟ್ಟ ಎರಡನ್ನೂ ಅದರಲ್ಲಿ ಕಾಣಿಸಿರಿ. ಆ ಹಾಳೆ ಕೈಸೇರುವವರೆಗೆ ತಳಪಾಯದ ಕಂತನ್ನು ಬಿಡುಗಡೆ ಮಾಡಬೇಡಿ. ಅದಕ್ಕೆ ತಗಲುವ ಖರ್ಚು ಅರ್ಧ ದಿನದ ಕೆಲಸದ್ದು. ಅದಿಲ್ಲದೆ ನನ್ನ ಕಕ್ಷಿದಾರರು ತೆತ್ತ ಹಣ ಅವರ ಲೆಕ್ಕಪತ್ರದಲ್ಲಿ ‘ಕಟ್ಟಡ’ ಎಂಬ ಶೀರ್ಷಿಕೆಯಡಿ ಇಂದಿಗೂ ಕುಳಿತಿದೆ.