ಗೊರಕೆಗೂ ಮೆಷಿನ್ನಾ ಎನ್ನುವವರಿಗೆ

ಗೊರಕೆ ಎಂದು ಯಾರಾದರೂ ಶಿವಮೊಗ್ಗದ ಆಸ್ಪತ್ರೆಗೆ ಹೊರಟರೆ, ನಮ್ಮ ಮುತ್ತಿನಕೊಪ್ಪದ ಕಡೆ ತಡೆಯುವವರೇ ಹೆಚ್ಚು. ಅವರ ಮಾತು ನಂಬಿ ಜನ ಸುಮ್ಮನಾಗುತ್ತಾರೆಂದೇ ಈ ಉತ್ತರ.

‘ಗೊರಕೆ ಹೊಡೆಯುವವನದು ಗಾಢ ನಿದ್ದೆ’ ಎನ್ನುತ್ತಾರೆ. ಬರೀ ಗೊರಕೆಯಾದರೆ ಅಷ್ಟು ಹೆದರಬೇಕಿಲ್ಲ. ಗೊರಕೆ ನಡುವೆ ನಿಂತು, 10 ಸೆಕೆಂಡೋ ಇನ್ನೂ ಹೆಚ್ಚೋ ಉಸಿರೇ ಇಲ್ಲದೆ, ಆಮೇಲೆ ಗಕ್ಕನೆ ಉಸಿರೆಳೆದುಕೊಂಡರೆ ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. ಮಿದುಳು ಮತ್ತೆ ಮತ್ತೆ ಎಬ್ಬಿಸುತ್ತದೆ. ಗಂಟೆಗೆ 30 ಸಲ ಹೀಗಾದರೆ ಕಾಯಿಲೆ ತೀವ್ರವೆಂದು ಲೆಕ್ಕ. ಅಂಥವರ ಬಿಪಿ ಮಾತ್ರೆಗೂ ಬಗ್ಗದಿರಬಹುದು. ಹಗಲೆಲ್ಲ ತೂಕಡಿಸುತ್ತ ಘಾಟಿಯಲ್ಲಿ ಗಾಡಿ ಓಡಿಸುವವನದು ಎಂಥ ಗಾಢ ನಿದ್ದೆ?

‘ಅದು ದಪ್ಪಗಿರುವವರ ಕಾಯಿಲೆ.’ ಬೊಜ್ಜು ದೊಡ್ಡ ಕಾರಣ, ತೂಕ ಇಳಿಸಿದರೆ ಗುಣ ಕಾಣುತ್ತದೆ, ಒಪ್ಪಿದೆ. ಆದರೆ ದವಡೆ ಚಿಕ್ಕದಿದ್ದರೆ ತೆಳ್ಳಗಿರುವವರಿಗೂ ಬರುತ್ತದೆ. ಹೆಂಗಸರಿಗೂ ಬರುತ್ತದೆ, ಗೊರಕೆ ಎಂದು ಹೇಳಿಕೊಳ್ಳಲು ನಾಚಿ ಕೆಲವರು ಆಸ್ಪತ್ರೆಗೇ ಹೋಗುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಟಾನ್ಸಿಲ್, ಅಡಿನಾಯ್ಡ್ ಕಾರಣ. ತೆಗೆಸಿದರೆ ಬಹುಪಾಲು ಮಕ್ಕಳು ಸುಧಾರಿಸುತ್ತಾರೆ. ದೊಡ್ಡವರಿಗೆ ಆಪರೇಷನ್ ಅಷ್ಟು ಖಾತ್ರಿಯಲ್ಲ.

‘ಒಂದು ಪೆಗ್ ಹಾಕಿ ಮಲಗು’ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮದ್ಯ ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ.

ಇನ್ನು ಸಿಪ್ಯಾಪ್ ಮೆಷಿನ್. ‘ಒಮ್ಮೆ ಹಾಕಿದರೆ ಚಟವಾಗುತ್ತದೆ, ಬಿಡಲಾಗದು’ ಎಂಬ ಭಯ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಲೋಕಕ್ಕೆ ತಿಳಿಸಿದ ಈ ಚಿಕಿತ್ಸೆಯಲ್ಲಿ ಔಷಧಿಯೇ ಇಲ್ಲ. ಮಾಸ್ಕಿನಿಂದ ಬರುವ ಗಾಳಿಯ ಒತ್ತಡ ಗಂಟಲು ಮುಚ್ಚದಂತೆ ತಡೆಯುತ್ತದೆ, ಅಷ್ಟೇ. ಕನ್ನಡಕ ತೆಗೆದರೆ ಕಣ್ಣು ಮಂಜಾಗುವಂತೆ, ಮೆಷಿನ್ ಬಿಟ್ಟರೆ ಹಳೆಯ ತೊಂದರೆ ಮರಳುತ್ತದೆ. ಮೊದಲ ವಾರಗಳಲ್ಲಿ ಮಾಸ್ಕ್ ಹಿಂಸೆಯೆನಿಸಿ ಮೂಲೆಗೆಸೆಯುವವರಿದ್ದಾರೆ. ಮುಖಕ್ಕೆ ಹೊಂದುವ ಬೇರೆ ಮಾಸ್ಕ್ ಕೇಳಿ ಪಡೆಯಬೇಕು. ತೊಂದರೆ ಕಡಿಮೆಯಿದ್ದವರಿಗೆ ಕೆಳದವಡೆಯನ್ನು ಮುಂದೆ ಹಿಡಿದಿಡುವ ಹಲ್ಲಿನ ಸಾಧನ ಸಾಕಾಗಬಹುದು. ಕೆಲವರಿಗೆ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದೇ ಅನುಕೂಲ.

‘ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಇರಲ್ಲ’ ಎಂಬುದೊಂದೇ ತೂಕದ ಆಕ್ಷೇಪ. ಗಾಳಿಗೆ ತೇವ ಕೊಡುವ ಹೀಟರ್ ಆಫ್ ಮಾಡಿದರೆ ಸಿಪ್ಯಾಪ್ ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಕರೆಂಟು ಎಳೆಯುತ್ತದೆ; ಮನೆಯ ಇನ್ವರ್ಟರಿನಲ್ಲೇ ನಡೆಸಬಹುದು. ಯಾವ ಇನ್ವರ್ಟರ್ ಹೊಂದುತ್ತದೆಂದು ಕೊಳ್ಳುವಾಗಲೇ ಕೇಳಿ. ಅದೂ ಕೈಕೊಟ್ಟ ರಾತ್ರಿ ಮಗ್ಗುಲಾಗಿ ಮಲಗಿ, ಮರುದಿನ ಮತ್ತೆ ಮಾಸ್ಕ್ ಹಾಕಿಕೊಳ್ಳಿ.