ಕೊಳ್ಳುವವರು ಇಬ್ಬರಿದ್ದರೇ ಧಾರಣೆ

ಧಾರಣೆ ಯಾಕೆ ಏರಿತು, ಯಾಕೆ ಇಳಿಯಿತು ಎಂದು ನಾವೆಲ್ಲ ಮಾತಾಡುತ್ತೇವೆ. ಕೊಳ್ಳುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕುವವರು ಕಡಿಮೆ. ಇದಕ್ಕೆ ಕೊಕ್ಕೊಗಿಂತ ಒಳ್ಳೆಯ ಪಾಠ ಬೇರೆ ಬೇಡ.

ಅಡಿಕೆ ತೋಟದ ನೆರಳಿಗೆ ಕೊಕ್ಕೊ ಬಂದದ್ದು ಚಾಕಲೇಟು ಕಂಪೆನಿಯ ಪ್ರೋತ್ಸಾಹದಿಂದ. ಸಲಹೆ ಅವರದ್ದು, ಖರೀದಿಯೂ ಅವರದ್ದೇ. 1980ರ ಸುಮಾರಿಗೆ ಧಾರಣೆ ಕುಸಿದಾಗ ಖರೀದಿಯಿಂದ ಹಿಂದೆ ಸರಿದರು. ಹಸಿಬೀಜವೆಂದರೆ ಅಡಿಕೆಯ ಹಾಗೆ ಅಟ್ಟಕ್ಕೆ ಹಾಕಿ ಕಾಯುವ ಮಾಲೇ? ಎಷ್ಟೋ ಮಂದಿ ಗಿಡವನ್ನೇ ಕಡಿದರು.

ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ, ಕರ್ನಾಟಕ-ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆ. ಆದರೆ ಕೊಂಡ ಬೀಜವನ್ನು ಪುನಃ ಅದೇ ಕಂಪೆನಿಗಳಿಗೆ ಮಾರುವುದಾದರೆ ಜುಟ್ಟು ಅವರ ಕೈಯಲ್ಲೇ ಉಳಿಯಿತು ತಾನೇ? ಹಾಗಾಗಿ 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟು ಕಾರ್ಖಾನೆ ಎದ್ದಿತು. ಪೈಪೋಟಿಯಲ್ಲಿ ನಿಲ್ಲಬೇಕಾದರೆ ಬರೇ ಖರೀದಿ ಸಾಲದು, ಮಾಲನ್ನು ಬಳಸುವ ಶಕ್ತಿಯೂ ಬೇಕು.

2024ರಲ್ಲಿ ಘಾನಾ, ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟು ಲೋಕದ ಮಾರುಕಟ್ಟೆಯಲ್ಲಿ ಒಣಬೀಜ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಧಾರಣೆ ಹಾರಿತು. 2025ರಲ್ಲಿ ಪುನಃ ಇಳಿಯಿತು. ಇಂಥ ಏರಿಳಿತದಲ್ಲೇ ವ್ಯಾಪಾರಿಯ ಲೆಕ್ಕಾಚಾರ ಕಾಣುವುದು. ಎದುರು ಸಹಕಾರಿ ಇದ್ದರೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟಾನು. ಅದು ಬಾಗಿಲು ಹಾಕಿದ ಮೇಲೆಯೂ ಕೊಡುತ್ತಾನೆಂದು ನಂಬುವುದು ಹೇಗೆ? ಅವನನ್ನು ದೂರುವುದೇಕೆ, ವ್ಯಾಪಾರ ಇರುವುದೇ ಹಾಗೆ. ತಪ್ಪಿರುವುದು ನಮ್ಮಲ್ಲಿ: ಏರಿದಾಗ ಮಾಲೆಲ್ಲ ಹೊರಗೆ, ಇಳಿದಾಗ ಮಾತ್ರ ಸಹಕಾರಿಯ ನೆನಪು. ಬೀಜ ಬಾರದ ಕಾರ್ಖಾನೆಗೂ ಸಂಬಳ, ಕರೆಂಟು ಬಿಲ್ಲು ತಪ್ಪುವುದಿಲ್ಲ.

ಹಾಗೆಂದು ಸಹಕಾರಿಗೂ ರಿಯಾಯಿತಿ ಬೇಡ. ತೂಕ ಸರಿ ಇರಬೇಕು, ಹಣ ತಡವಾಗಬಾರದು, ಒಳ್ಳೆಯ ಬೀಜಕ್ಕೆ ಒಳ್ಳೆಯ ಧಾರಣೆ ಸಿಗಬೇಕು. ಖಾಸಗಿಯವರು ಪಕ್ಕದಲ್ಲಿದ್ದರೇ ಅದೂ ಚುರುಕಾಗುವುದು. ಮಹಾಸಭೆಗೆ ಊಟಕ್ಕಷ್ಟೇ ಹೋಗದೆ ಎದ್ದು ನಿಂತು ಕೇಳಿ.

ನನ್ನ ಸಲಹೆ ಇಷ್ಟೆ. ಧಾರಣೆ ಎಷ್ಟೇ ಇರಲಿ, ಬೆಳೆಯ ಒಂದು ಪಾಲನ್ನು ವರ್ಷವಿಡೀ ಸಹಕಾರಿಗೆ ಕೊಡೋಣ. ಉಳಿದದ್ದನ್ನು ಹೆಚ್ಚು ಕೊಡುವವರಿಗೆ ಮಾರೋಣ. ಹತ್ತಿಪ್ಪತ್ತು ಗಿಡ ಇರುವವರು ನೆರೆಕರೆಯವರೊಂದಿಗೆ ಸೇರಿ ಒಟ್ಟಿಗೆ ಸಾಗಿಸಿದರೆ ಖರ್ಚೂ ಉಳಿದೀತು. ಎರಡನೇ ಗಿರಾಕಿಯನ್ನು ಬದುಕಿಸಿಕೊಳ್ಳಲು ಆ ನಾಲ್ಕು ರೂಪಾಯಿ ದುಬಾರಿಯಲ್ಲ.